ಸುವರ್ಣಗಡ್ಡೆಗೆ ಮಣ್ಣು ಸಿದ್ಧ ಮಾಡುವುದು: ಆಳಕ್ಕಿಂತ ಅಗಲ ನೋಡಿ

"ಗಿಡ ಛತ್ರಿ ಬಿಚ್ಚಿದ ಹಾಗೆ ಚೆನ್ನಾಗಿ ಬಂತು, ಅಗೆದು ನೋಡಿದ್ರೆ ಗಡ್ಡೆ ಮುಷ್ಟಿಯಷ್ಟೇ ಇದೆ. ಯಾವ ಗೊಬ್ಬರ ಹಾಕಬೇಕಿತ್ತು?" ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನಾನು ತಿರುಗಿ ಕೇಳುವುದು ಒಂದೇ: ಗುಂಡಿ ಎಷ್ಟು ಅಗಲ ತೆಗೆದಿದ್ರಿ? ಹೆಚ್ಚಿನವರು ಹೇಳುವುದು, ಗಡ್ಡೆ ಹಿಡಿಸುವಷ್ಟು. ತೊಂದರೆ ಇರುವುದು ಅಲ್ಲೇ.

ಹಿತ್ತಲಲ್ಲಿ ನಾಲ್ಕು ಗುಂಡಿ ಅಥವಾ ತಾರಸಿಯಲ್ಲಿ ಎರಡು ಚೀಲ ಇಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸುವರ್ಣಗಡ್ಡೆ ಅನ್ನಿ, ಸೂರಣ ಅನ್ನಿ, ತುಳುವಿನಲ್ಲಿ ಕೇನೆ ಅನ್ನಿ, ಮಣ್ಣಿನ ಲೆಕ್ಕ ಒಂದೇ.

ಮೊದಲು ಗಡ್ಡೆ ಎಲ್ಲಿ ಬೆಳೆಯುತ್ತದೆ ಅಂತ ತಿಳಿದುಕೊಳ್ಳಿ

ಆಲೂಗಡ್ಡೆಯ ಹಾಗೆ ಇದು ಒಂದು ಗಿಡಕ್ಕೆ ಹತ್ತು ಗಡ್ಡೆ ಬಿಡುವುದಿಲ್ಲ. ನೀವು ನೆಟ್ಟ ಗಡ್ಡೆಯೇ ಊದಿ ದೊಡ್ಡದಾಗುತ್ತದೆ ಅಂದುಕೊಂಡಿದ್ದರೆ ಅದೂ ತಪ್ಪು. ಮೊಳಕೆ ಒಡೆದ ಮೇಲೆ ಬೀಜದ ಗಡ್ಡೆ ತನ್ನಲ್ಲಿದ್ದದ್ದನ್ನೆಲ್ಲ ಗಿಡಕ್ಕೆ ಕೊಟ್ಟು ಸೊರಗುತ್ತದೆ. ಹೊಸ ಗಡ್ಡೆ ಕೂರುವುದು ಅದರ ತಲೆಯ ಮೇಲೆ, ದಂಟಿನ ಬುಡದಲ್ಲಿ. ಮುಂದಿನ ಸಲ ಅಗೆಯುವಾಗ ಗಡ್ಡೆಯನ್ನು ಮಗುಚಿ ಹಾಕಿ ನೋಡಿ. ಅಡಿಯಲ್ಲಿ ಕಪ್ಪಗೆ, ಸುಕ್ಕುಗಟ್ಟಿ, ಒಣಗಿದ ಸಿಪ್ಪೆಯ ಹಾಗೆ ಒಂದು ಅಂಟಿಕೊಂಡಿರುತ್ತದೆ. ಅದೇ ನೀವು ನೆಟ್ಟ ಬೀಜ. ಕೈಯಲ್ಲಿ ಒತ್ತಿದರೆ ಪುಡಿಪುಡಿಯಾಗುತ್ತದೆ.

ಬೇರುಗಳೂ ಹಾಗೇ. ಅವು ಅಡಿಯಿಂದ ಹೊರಡುವುದಿಲ್ಲ, ಮೊಳಕೆಯ ಸುತ್ತ ಮೇಲ್ಗಡೆಯಿಂದ ಹೊರಟು ಮೇಲುಮಣ್ಣಿನಲ್ಲೇ ಪಕ್ಕಕ್ಕೆ ಹರಡುತ್ತವೆ. ಅಂದರೆ ಗಡ್ಡೆಗೆ ಬೇಕಿರುವುದು ಪಕ್ಕದಲ್ಲಿ ಸಡಿಲ ಮಣ್ಣು, ತಲೆಯ ಮೇಲೆ ಸಡಿಲ ಮಣ್ಣು, ಅಡಿಯಲ್ಲಿ ನೀರು ನಿಲ್ಲದ ಮಣ್ಣು. ಮೂರು ಅಡಿ ಆಳದ ಬಾವಿಯಂಥ ಗುಂಡಿ ತೋಡಿ ಅದರ ತಳಕ್ಕೆ ಗೊಬ್ಬರ ಸುರಿದರೆ ಬೇರಿಗೆ ಅದು ಸಿಗುವುದೇ ಇಲ್ಲ. ಕೆಳಗೆ ಹೇಳುವುದೆಲ್ಲ ಈ ಒಂದು ವಿಷಯದಿಂದಲೇ ಬಂದದ್ದು.

1. ಜಾಗ ನೋಡುವುದು

ದಿನಕ್ಕೆ ಐದಾರು ಗಂಟೆ ಬಿಸಿಲು ಬಿದ್ದರೆ ಸಾಕು. ತೆಂಗಿನ ತೋಟದ ನಡುವೆ, ಅಡಕೆ ತೋಟದ ಅಂಚಿನಲ್ಲಿ ಹೇಗೂ ಬೆಳೆಯುತ್ತಾರೆ, ಅರೆನೆರಳು ತಡೆಯುತ್ತದೆ. ಆದರೆ ತೆಂಗಿನ ಬುಡದಿಂದ ಕನಿಷ್ಠ ಆರು ಅಡಿ ದೂರ ಇರಲಿ, ಇಲ್ಲದಿದ್ದರೆ ನೀವು ಹಾಕಿದ ಗೊಬ್ಬರ ತೆಂಗಿಗೆ ಹೋಗುತ್ತದೆ.

ಪಾತ್ರೆ ತೊಳೆದ ನೀರು ಹೋಗುವ ಜಾಗ ಬೇಡ. "ಅಲ್ಲಿ ಯಾವಾಗಲೂ ತಂಪು ಇರುತ್ತೆ" ಅಂತ ಬಹಳ ಜನ ಅಲ್ಲೇ ನೆಡುತ್ತಾರೆ. ಬಾಳೆ, ಕೆಸುವಿಗೆ ಅದು ಸರಿ. ಸುವರ್ಣಗಡ್ಡೆ ಕೊಳೆಯುತ್ತದೆ.

2. ಮಣ್ಣು ಪರೀಕ್ಷೆ, ಮನೆಯಲ್ಲೇ

ಮೂರು ಪರೀಕ್ಷೆ ಇವೆ. ಮೂರಕ್ಕೂ ದುಡ್ಡು ಬೇಡ.

ಮುಷ್ಟಿ ಪರೀಕ್ಷೆ: ಒಂದು ಹಿಡಿ ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ ಉಂಡೆ ಕಟ್ಟಿ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ. ಉಂಡೆಯೇ ಕಟ್ಟದಿದ್ದರೆ ಮರಳು ಜಾಸ್ತಿ. ಉಂಡೆ ಕಟ್ಟಿ, ಒತ್ತಿದಾಗ ಉದುರಿದರೆ ಅದು ಗೋಡು ಮಣ್ಣು, ಅಂದರೆ ಮರಳು, ನಯವಾದ ಹುಡಿ, ಜೇಡಿ ಮೂರೂ ಹದವಾಗಿ ಬೆರೆತದ್ದು. ನಮಗೆ ಬೇಕಾದದ್ದು ಇದೇ. ಉಂಡೆ ಚಕ್ಕುಲಿ ಹಿಟ್ಟಿನ ಹಾಗೆ ಅಂಟಿ, ಹೊಸೆದರೆ ಉದ್ದಕ್ಕೆ ಬತ್ತಿಯಾಗಿ ಬಂದರೆ ಜೇಡಿ ಜಾಸ್ತಿ.

ಬಾಟಲಿ ಪರೀಕ್ಷೆ: ಒಂದು ಲೀಟರಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಅಲುಗಾಡದ ಕಡೆ ಇಡಿ. ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುವುದು ಮರಳು, ಕೆಲವು ಗಂಟೆಯಲ್ಲಿ ಕೂರುವುದು ನಯವಾದ ಹುಡಿ, ಮರುದಿನದ ಹೊತ್ತಿಗೆ ಮೇಲೆ ಕೂರುವ ಕೆನೆಯಂಥ ಪದರ ಜೇಡಿ. ಜೇಡಿಯ ಪದರವೇ ಅರ್ಧದಷ್ಟಿದ್ದರೆ ಆ ಜಾಗದಲ್ಲಿ ಗುಂಡಿ ತೋಡಬೇಡಿ. ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ನೀರಿನ ಪರೀಕ್ಷೆ: ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಲಿ. ಎರಡನೇ ಸಲ ತುಂಬಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ಅಂತ ಕಡ್ಡಿ ಇಟ್ಟು ಅಳೆಯಿರಿ. ಒಂದು ಇಂಚಿನಿಂದ ಮೂರು ಇಂಚು ಇಳಿದರೆ ಒಳ್ಳೆಯದು. ಒಂದು ಇಂಚಿಗೂ ಕಡಿಮೆ ಅಂದರೆ ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ. ಮೊದಲ ಸಲದ ಲೆಕ್ಕ ಹಿಡಿಯಬೇಡಿ, ಒಣಮಣ್ಣು ಹೇಗಿದ್ದರೂ ಗಟಗಟ ಕುಡಿಯುತ್ತದೆ. ಮೂರರಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ.

ಇನ್ನು ಪಿಎಚ್. ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ ಇದು. 7 ಅಂದರೆ ನಡುಮಧ್ಯ, ಕೆಳಗೆ ಹುಳಿ, ಮೇಲೆ ಕ್ಷಾರ. ಸುವರ್ಣಗಡ್ಡೆಗೆ 5.5ರಿಂದ 7 ಚೆನ್ನಾಗಿ ಒಗ್ಗುತ್ತದೆ. ಇದನ್ನು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬಹುದು. ನಾಲ್ಕೈದು ಕಡೆಯಿಂದ ಅರ್ಧ ಅಡಿ ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕೊಡಿ. ಗೊಬ್ಬರ ಹಾಕಿದ ಜಾಗದಿಂದ ತೆಗೆದರೆ ಪರೀಕ್ಷೆ ಸುಮ್ನೆ ದಂಡ.

3. ನಿಮ್ಮದು ಯಾವ ಮಣ್ಣು, ಅದಕ್ಕೆ ಏನು ಮಾಡಬೇಕು

ಕೋಲಾರ, ತುಮಕೂರು, ಮೈಸೂರು ಕಡೆಯ ಕೆಂಪು ಮಣ್ಣು ನೀರು ಬಸಿಯುವುದರಲ್ಲಿ ಸಾಮಾನ್ಯವಾಗಿ ಪರವಾಗಿಲ್ಲ. ಅದರ ಕೊರತೆ ಬೇರೆ: ಎಲೆಗೊಬ್ಬರದ ಅಂಶ ಕಡಿಮೆ, ಜೋರು ಮಳೆ ಬಿದ್ದು ಬಿಸಿಲಾದರೆ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ. ಕೊಟ್ಟಿಗೆ ಗೊಬ್ಬರ ಧಾರಾಳ ಹಾಕಿ, ಮೇಲೆ ತರಗೆಲೆ ಮುಚ್ಚಿದರೆ ಮುಗಿಯಿತು.

ಧಾರವಾಡ, ಗದಗ, ವಿಜಯಪುರದ ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿಯವರಿಗೆ ಕಷ್ಟ ಜಾಸ್ತಿ. ಎರಿ ಮಣ್ಣು ಒದ್ದೆಯಾದರೆ ಊದುತ್ತದೆ, ಒಣಗಿದರೆ ಬಿರಿಯುತ್ತದೆ, ಬಿರಿಯುವಾಗ ಬೇರು ಹರಿಯುತ್ತದೆ. ಅಲ್ಲಿ ಗುಂಡಿ ತೋಡಿ ಸಡಿಲ ಮಣ್ಣು ತುಂಬಿದರೆ ಸುತ್ತಲಿನ ನೀರೆಲ್ಲ ಆ ಗುಂಡಿಗೇ ಇಳಿದು, ಆಚೆ ಹೋಗಲು ದಾರಿಯಿಲ್ಲದೆ ಬಕೆಟ್ಟಿನಲ್ಲಿ ನಿಂತ ಹಾಗೆ ನಿಲ್ಲುತ್ತದೆ, ಗಡ್ಡೆ ಅದರಲ್ಲಿ ಕೂತು ಕೊಳೆಯುತ್ತದೆ. ಹಾಗಾಗಿ ಕೆಳಗೆ ತೋಡುವ ಬದಲು ಮೇಲೆ ಏರಿಸಿ. ಒಂದೂವರೆ ಅಡಿ ಎತ್ತರ, ಮೂರು ಅಡಿ ಅಗಲದ ದಿಬ್ಬ ಮಾಡಿ. ಅರ್ಧ ಮಸಾರಿ ಮಣ್ಣು, ಅಂದರೆ ಕೆಂಪು ಮಣ್ಣು ತರಿಸಿ, ಉಳಿದದ್ದು ಗೊಬ್ಬರ ಮತ್ತು ಸ್ಥಳದ್ದೇ ಮಣ್ಣು. ಇಟ್ಟಿಗೆ ಅಂಚು ಕಟ್ಟಿದರೆ ಮಳೆಗೆ ಕೊಚ್ಚಿ ಹೋಗುವುದಿಲ್ಲ. ಎರಿ ಮಣ್ಣು ಮೊದಲೇ ಕ್ಷಾರದ ಕಡೆ ಇರುತ್ತದೆ, ಅದಕ್ಕೆ ಸುಣ್ಣ, ಬೂದಿ ಹಾಕಬೇಡಿ.

"ಜೇಡಿಗೆ ಒಂದೆರಡು ಬುಟ್ಟಿ ಮರಳು ಬೆರೆಸಿದ್ರೆ ಸಡಿಲ ಆಗಲ್ವಾ?" ಆಗುವುದಿಲ್ಲ. ಜೇಡಿ ಮತ್ತು ಸ್ವಲ್ಪ ಮರಳು ಸೇರಿದರೆ ಇಟ್ಟಿಗೆಯಾಗುತ್ತದೆ. ಮರಳಿನಿಂದಲೇ ಸರಿ ಮಾಡಬೇಕಾದರೆ ಜೇಡಿಯಷ್ಟೇ ಮರಳು ಬೇಕು, ಅಷ್ಟು ದುಡ್ಡಿಗೆ ಗೊಬ್ಬರವೇ ಬರುತ್ತದೆ. ಎಂ-ಸ್ಯಾಂಡ್ ಅಂತೂ ಬೇಡವೇ ಬೇಡ, ಅದರಲ್ಲಿರುವ ಕಲ್ಲಿನ ಪುಡಿ ನೀರು ಬಿದ್ದು ಕೂತರೆ ಇನ್ನೂ ಗಟ್ಟಿ.

ಕರಾವಳಿಯ ಮುರ ಮಣ್ಣು, ಅಂದರೆ ಕೆಂಪು ಜಂಬಿಟ್ಟಿಗೆ ಮಣ್ಣು, ನೀರು ನಿಲ್ಲಿಸುವುದಿಲ್ಲ, ಸಾರವನ್ನೂ ನಿಲ್ಲಿಸುವುದಿಲ್ಲ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆಯಲ್ಲಿ ಹಾಕಿದ್ದೆಲ್ಲ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಅಲ್ಲಿ ಹಳಬರು ಮಾಡುವ ಉಪಾಯ ಸುಡುಮಣ್ಣು: ತರಗೆಲೆ, ಕಸಕಡ್ಡಿಯ ರಾಶಿಯ ಮೇಲೆ ಮಣ್ಣು ಮುಚ್ಚಿ, ಜ್ವಾಲೆ ಏಳದ ಹಾಗೆ ನಿಧಾನಕ್ಕೆ ಸುಡುವುದು. ತಣಿದ ಮೇಲೆ ಮಣ್ಣು ಪುಡಿಪುಡಿ, ಜೊತೆಗೆ ಬೂದಿಯ ಪೊಟ್ಯಾಷ್. ಗಡ್ಡೆ ತುಂಬಿಕೊಳ್ಳಲು ಪೊಟ್ಯಾಷ್ ಬೇಕೇ ಬೇಕು, ಹಾಗಾಗಿ ಗಡ್ಡೆ ಬೆಳೆಗೆ ಇದು ಹೇಳಿ ಮಾಡಿಸಿದ್ದು. ಗುಂಡಿಗೆ ಎರಡು ಬುಟ್ಟಿ ಸಾಕು. ಸುಟ್ಟ ಮಣ್ಣಿನಲ್ಲಿ ಜೀವಾಣು ಸತ್ತಿರುತ್ತವೆ, ಅದಕ್ಕೇ ಅದೊಂದನ್ನೇ ತುಂಬಬಾರದು, ಕೊಟ್ಟಿಗೆ ಗೊಬ್ಬರದ ಜೊತೆಗೇ ಹೋಗಬೇಕು. ಪರೀಕ್ಷೆಯಲ್ಲಿ ಪಿಎಚ್ 5.5ಕ್ಕಿಂತ ಕೆಳಗೆ ಬಂದಿದ್ದರೆ ಮಾತ್ರ ಒಂದು ಮುಷ್ಟಿ ಕೃಷಿ ಸುಣ್ಣವನ್ನು ಗೊಬ್ಬರ ಹಾಕುವ ಎರಡು ಮೂರು ವಾರ ಮೊದಲೇ ಬೆರೆಸಿ. ಸುಣ್ಣ ಮತ್ತು ಸಗಣಿ ಗೊಬ್ಬರ ಒಟ್ಟಿಗೆ ಹಾಕಿದರೆ ಸಾರಜನಕ ಗಾಳಿಗೆ ಹಾರಿ ಹೋಗುತ್ತದೆ, ಮೂಗಿಗೆ ಘಾಟು ಹೊಡೆಯುವುದು ಅದೇ.

ಸಮುದ್ರದ ಹತ್ತಿರದ ಹೊಯಿಗೆ, ಅಂದರೆ ಮರಳು ಮಣ್ಣಿನವರು ಗುಂಡಿಯ ತಳಕ್ಕೆ ನೆನೆಸಿದ ತೆಂಗಿನ ಸಿಪ್ಪೆಯನ್ನು ಹೊಟ್ಟೆ ಮೇಲಾಗಿ ಒಂದು ಸಾಲು ಜೋಡಿಸಿ. ನೀರು ಹಿಡಿದಿಡುತ್ತದೆ.

ಕೊನೆಗೆ ನಗರದ ಸೈಟಿನ ಮಣ್ಣು. ಇದು ಕೆಂಪೂ ಅಲ್ಲ, ಎರಿಯೂ ಅಲ್ಲ, ಮನೆ ಕಟ್ಟಿದಾಗ ಉಳಿದ ಕಸ. ನಾನೇ ಒಂದು ಸಲ ಹಿಂದಿನ ಮೂಲೆಯಲ್ಲಿ ನೋಡದೆ ನೆಟ್ಟು, ಡಿಸೆಂಬರಿನಲ್ಲಿ ಅಗೆದಾಗ ಗಡ್ಡೆಯ ಒಂದು ಮಗ್ಗುಲಲ್ಲಿ ಅಂಗೈ ಅಗಲದ ಗುಳಿ. ಗುಳಿಯೊಳಗೆ ಸಿಮೆಂಟಿನ ಹೆಂಟೆ, ಅಚ್ಚಿಗೆ ಕೂರಿಸಿದ ಹಾಗೆ ಕೂತಿತ್ತು. ಹೆಂಟೆ, ಗಾರೆ, ಟೈಲ್ಸ್ ಚೂರು ಆರಿಸಿ ತೆಗೆಯಿರಿ. ಸಿಮೆಂಟು ಮಣ್ಣನ್ನು ಕ್ಷಾರ ಮಾಡುತ್ತದೆ. ಕಸ ತೀರಾ ಜಾಸ್ತಿ ಇದ್ದರೆ ಆ ಮಣ್ಣನ್ನು ಬಿಟ್ಟು ಚೀಲಕ್ಕೆ ಹೋಗಿ.

4. ಗುಂಡಿ ತೆಗೆಯುವುದು

ಜನವರಿ, ಫೆಬ್ರುವರಿಯಲ್ಲೇ ಶುರು ಮಾಡಿ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಆಳ. ಗುಂಡಿಯ ನಡುವಿನಿಂದ ಇನ್ನೊಂದರ ನಡುವಿಗೆ ಮೂರು ಅಡಿ. ಅಗೆಯುವಾಗ ಮೊದಲ ಅರ್ಧ ಅಡಿಯ ಮೇಲುಮಣ್ಣು ಒಂದು ಕಡೆ, ಅದರ ಕೆಳಗಿನದ್ದು ಇನ್ನೊಂದು ಕಡೆ ಹಾಕಿ. ಸಾರ ಇರುವುದು ಮೇಲುಮಣ್ಣಿನಲ್ಲಿ, ಬೇರು ಓಡಾಡುವುದೂ ಅಲ್ಲೇ. ಎರಡನ್ನೂ ಒಂದೇ ರಾಶಿ ಮಾಡಿದರೆ ಆಮೇಲೆ ಬೇರ್ಪಡಿಸಲು ಆಗುವುದಿಲ್ಲ.

ಗುಂಡಿಯ ಗೋಡೆ ಗಾರೆ ಬಳಿದ ಹಾಗೆ ನಯವಾಗಿದ್ದರೆ ಹಾರೆಯಿಂದ ಅಲ್ಲಲ್ಲಿ ಗೀರಿ ಒರಟು ಮಾಡಿ. ತಳವನ್ನೂ ಒಂದು ಸಲ ಕುಕ್ಕಿ. ಎರಡು ವಾರ ಬಿಸಿಲಿಗೆ ಬಿಡಿ. ಗೊಣ್ಣೆ ಹುಳು, ಅಂದರೆ ಸಿ ಅಕ್ಷರದ ಹಾಗೆ ಸುರುಟಿಕೊಳ್ಳುವ ದಪ್ಪ ಬಿಳಿ ಹುಳು, ಮೇಲೆ ಬಂದರೆ ಆರಿಸಿ ತೆಗೆಯಿರಿ. ಕಾಗೆ, ಮೈನಾ ಅರ್ಧ ಕೆಲಸ ಅವೇ ಮಾಡುತ್ತವೆ.

5. ಗೊಬ್ಬರದ ಮಿಶ್ರಣ

ಒಂದು ಗುಂಡಿಗೆ: ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 3 ಕಿಲೋ, ಬೇವಿನ ಹಿಂಡಿ 100 ಗ್ರಾಂ, ಮೇಲುಮಣ್ಣು ತೆಗೆದಷ್ಟೂ. ಮನೆಯ ಕಾಂಪೋಸ್ಟ್, ಎರೆಗೊಬ್ಬರ ಇದ್ದರೆ ಒಂದು ಕಿಲೋ ಸೇರಿಸಿ.

"ಕಳಿತ" ಅನ್ನುವ ಮಾತು ಮುಖ್ಯ. ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಕಾಡಿನ ಮಣ್ಣಿನ ವಾಸನೆ ಬರಬೇಕು, ಸಗಣಿಯ ವಾಸನೆ ಬರಬಾರದು, ಒಳಗೆ ಕೈ ಹಾಕಿದರೆ ಬಿಸಿ ಇರಬಾರದು. ಹಸಿ ಸಗಣಿ ಗುಂಡಿಯೊಳಗೆ ಬಿಸಿಯೇರಿ ಮೊಳಕೆಯನ್ನು ಬೇಯಿಸುತ್ತದೆ, ಗೊಣ್ಣೆ ಹುಳುವನ್ನೂ ಕರೆತರುತ್ತದೆ. ಪಟ್ಟಣದಲ್ಲಿ ಚೀಲದಲ್ಲಿ ಮಾರುವ ಗೊಬ್ಬರ ಕಪ್ಪಗಿದೆ ಅಂದ ಮಾತ್ರಕ್ಕೆ ನಂಬಬೇಡಿ, ಬಿಚ್ಚಿ ಮೂಸಿ ನೋಡಿ. ಅನುಮಾನ ಬಂದರೆ ಒದ್ದೆ ಮಾಡಿ, ಗೋಣಿ ಮುಚ್ಚಿ, ಇನ್ನೊಂದು ತಿಂಗಳು ನೆರಳಲ್ಲಿ ಬಿಡಿ.

ಕಳೆದ ವರ್ಷ ಬುಡ ಕೊಳೆತಿದ್ದವರು ಟ್ರೈಕೋಡರ್ಮಾ ಬಳಸಿ. ಇದು ಕೆಟ್ಟ ಬೂಷ್ಟನ್ನು ತಿಂದು ಹಾಕುವ ಒಳ್ಳೆಯ ಬೂಷ್ಟು, ಗೊಬ್ಬರದ ಅಂಗಡಿಯಲ್ಲಿ ಪುಡಿಯಾಗಿ ಸಿಗುತ್ತದೆ. 10 ಕಿಲೋ ಕಳಿತ ಗೊಬ್ಬರ, 1 ಕಿಲೋ ಬೇವಿನ ಹಿಂಡಿ, 100 ಗ್ರಾಂ ಟ್ರೈಕೋಡರ್ಮಾ ಬೆರೆಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆ ಮಾಡಿ, ಒದ್ದೆ ಗೋಣಿ ಮುಚ್ಚಿ ಎರಡು ವಾರ ನೆರಳಲ್ಲಿ ಇಡಿ. ನಡುವೆ ಒಂದು ಸಲ ಮಗುಚಿ. ಇದರ ಜೊತೆಗೆ ಬೂದಿಯನ್ನಾಗಲಿ ಶಿಲೀಂಧ್ರನಾಶಕ ಔಷಧಿಯನ್ನಾಗಲಿ ಸೇರಿಸಬೇಡಿ, ಆ ಬೂಷ್ಟೇ ಸತ್ತು ಹೋದರೆ ಬೆರೆಸಿದ್ದು ಯಾಕೆ?

ಯೂರಿಯಾ ಬಗ್ಗೆ ಕೇಳುವವರಿಗೆ: ಸಾರಜನಕ ಮಾತ್ರ ಜಾಸ್ತಿಯಾದರೆ ಸೊಪ್ಪು ಬರುತ್ತದೆ, ಗಡ್ಡೆ ಬರುವುದಿಲ್ಲ. ಛತ್ರಿ ದೊಡ್ಡದು, ಗಡ್ಡೆ ಮುಷ್ಟಿಯಷ್ಟು ಅನ್ನುವುದಕ್ಕೆ ಇದೂ ಒಂದು ಕಾರಣ.

6. ತುಂಬುವುದು, ನೆಡುವುದು

ಗುಂಡಿಯ ತಳಕ್ಕೆ ನಾಲ್ಕು ಇಂಚು ಒಣ ತರಗೆಲೆ ಹಾಕಿ ತುಳಿಯಿರಿ. ಅದರ ಮೇಲೆ ಕೆಳಮಣ್ಣು ಅರ್ಧ ಗುಂಡಿಯವರೆಗೆ. ಉಳಿದ ಅರ್ಧಕ್ಕೆ ಮೇಲುಮಣ್ಣು ಮತ್ತು ಗೊಬ್ಬರದ ಮಿಶ್ರಣ. ತುಂಬಿದ ಮೇಲೆ ಒಂದು ಸಲ ನೀರು ಹಾಕಿ ಒಂದು ವಾರ ಕೂರಲು ಬಿಡಿ. ತುಂಬಿದ ದಿನವೇ ನೆಟ್ಟರೆ ಮಣ್ಣು ಕುಸಿದು, ಗಡ್ಡೆ ಕೆಳಗಿಳಿದು, ಮೇಲೆ ತಟ್ಟೆಯಂಥ ಗುಳಿಯಾಗಿ ಮಳೆ ನೀರು ಅದರಲ್ಲಿ ನಿಲ್ಲುತ್ತದೆ. ಕೂತ ಮೇಲೂ ಮಣ್ಣು ಸುತ್ತಲಿನ ನೆಲಕ್ಕಿಂತ ಎರಡು ಇಂಚು ಎತ್ತರ ಇರಬೇಕು. ಇಲ್ಲದಿದ್ದರೆ ಇನ್ನಷ್ಟು ಹಾಕಿ.

ಬೀಜದ ಗಡ್ಡೆ ಮುಕ್ಕಾಲು ಕಿಲೋದಿಂದ ಒಂದು ಕಿಲೋ ಇರಲಿ. ಮಣ್ಣು ಎಷ್ಟೇ ಒಳ್ಳೆಯದಿದ್ದರೂ ನೂರು ಗ್ರಾಂ ಚೂರು ನೆಟ್ಟು ಐದು ಕಿಲೋ ಕೇಳಬೇಡಿ. ಕತ್ತರಿಸುವುದಾದರೆ ಪ್ರತಿ ಹೋಳಿನಲ್ಲೂ ನಡುವಿನ ಕಣ್ಣಿನ, ಅಂದರೆ ಮೊಳಕೆ ಒಡೆಯುವ ಜಾಗದ, ಒಂದು ಭಾಗ ಬರಬೇಕು. ಕತ್ತರಿಸಿದ್ದನ್ನು ಸಗಣಿ ರಾಡಿಯಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ಕೈಗೆ ಕವಸು ಹಾಕಿಕೊಳ್ಳಿ, ತುರಿಕೆ ಶುರುವಾದರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ತುರಿಕೆ ಕಡಿಮೆ ಇರುವ ತಳಿ ಬೇಕಾದರೆ ಗಜೇಂದ್ರ ಅಂತ ಕೇಳಿ.

ಕಣ್ಣು ಮೇಲಾಗಿ ಇಟ್ಟು ಮೂರು ನಾಲ್ಕು ಇಂಚು ಮಣ್ಣು ಮುಚ್ಚಿ, ಅದರ ಮೇಲೆ ತರಗೆಲೆ ಅಥವಾ ತೆಂಗಿನ ಗರಿ. ನೀರು ಕೊಡಲು ಆಗುವವರು ಫೆಬ್ರುವರಿ ಕೊನೆ, ಮಾರ್ಚ್‌ನಲ್ಲಿ ನೆಡಬಹುದು. ಮಳೆ ನಂಬಿದವರು ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಬರುವ ಭರಣಿ ಮಳೆ ಬೀಳುವವರೆಗೆ ಕಾಯಿರಿ. ಮೊಳಕೆಗೆ ತಿಂಗಳೋ ಒಂದೂವರೆ ತಿಂಗಳೋ ಬೇಕು. ನಡುವೆ ಕೆದಕಿ ಕೆದಕಿ ನೋಡಬೇಡಿ.

7. ಚೀಲದಲ್ಲಿ ಬೆಳೆಸುವವರಿಗೆ

ಹದಿನೆಂಟು ಇಂಚು ಅಗಲ, ಹದಿನೆಂಟು ಇಂಚು ಎತ್ತರದ ಗ್ರೋ ಬ್ಯಾಗ್‌ಗಿಂತ ಚಿಕ್ಕದು ಬೇಡ. ಉದ್ದನೆಯ, ಕಿರಿದಾದ ಚೀಲ ಈ ಗಡ್ಡೆಗೆ ಆಗಿಬರುವುದಿಲ್ಲ, ಯಾಕೆ ಅಂತ ಈಗ ಗೊತ್ತಲ್ಲ. ತಳದಲ್ಲಿ ಆರೆಂಟು ತೂತು ಬೇಕೇ ಬೇಕು.

ಮಿಶ್ರಣ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಕೋಕೋಪೀಟ್ ಅಂತ ಇಟ್ಟಿಗೆಯಾಗಿ ಮಾರುತ್ತಾರಲ್ಲ, ಅದೇ ನಾರಿನ ಪುಡಿ. ಅದರಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿಯೇ ಬಳಸಿ. ಭತ್ತದ ಹೊಟ್ಟು ಸುಲಭಕ್ಕೆ ಸಿಗುವವರು ನಾರಿನ ಪುಡಿಯಲ್ಲಿ ಅರ್ಧದ ಬದಲಿಗೆ ಅದನ್ನೇ ಹಾಕಬಹುದು. "ಮಣ್ಣೇ ಬೇಡ, ಪೂರ್ತಿ ಕೋಕೋಪೀಟ್" ಅನ್ನುವ ಸಲಹೆ ಸೊಪ್ಪಿಗೆ ಸರಿಯಿರಬಹುದು, ಇಷ್ಟು ಭಾರದ ಗಿಡ ಗಾಳಿಗೆ ಅದರಲ್ಲಿ ನಿಲ್ಲುವುದಿಲ್ಲ.

ಚೀಲವನ್ನು ಬಾಯಿಯವರೆಗೆ ತುಂಬಬೇಡಿ. ಮುಕ್ಕಾಲು ತುಂಬಿ ನೆಡಿ. ಮೇಲಿನ ಕಾಲು ಭಾಗ ಆಮೇಲೆ ಮಣ್ಣು ಏರಿಸಲು ಬೇಕು. ತುಂಬಿ ಒದ್ದೆಯಾದ ಒಂದು ಚೀಲ ಎಪ್ಪತ್ತು ಕಿಲೋದ ಹತ್ತಿರ ಬರುತ್ತದೆ, ತಾರಸಿಯ ನಡುವೆ ಇಡದೆ ಗೋಡೆ, ತೊಲೆ ಇರುವ ಕಡೆ ಇಟ್ಟಿಗೆಯ ಮೇಲೆ ಇಡಿ. ತುಂಬಿದ ಮೇಲೆ ಎಳೆದಾಡಲು ಆಗುವುದಿಲ್ಲ, ಜಾಗ ಮೊದಲೇ ನಿರ್ಧರಿಸಿ.

8. ನೆಟ್ಟ ಮೇಲೂ ಮಣ್ಣಿನ ಕೆಲಸ ಇದೆ

ಹೆಚ್ಚಿನವರು ಬಿಟ್ಟು ಬಿಡುವ ಹಂತ ಇದು. ಹೊಸ ಗಡ್ಡೆ ಹಳೆಯದರ ತಲೆಯ ಮೇಲೆ ಬೆಳೆಯುವುದರಿಂದ ಅದು ಮೇಲಕ್ಕೆ ಬರುತ್ತಾ ಇರುತ್ತದೆ. ಎಲೆ ಬಿಚ್ಚಿದ ಮೇಲೆ, ನೆಟ್ಟು ಎರಡು ತಿಂಗಳ ಹೊತ್ತಿಗೆ ಕಳೆ ಕಿತ್ತು ಮೂರು ಇಂಚು ಮಣ್ಣು, ಒಂದು ಕಿಲೋ ಗೊಬ್ಬರ ಏರಿಸಿ. ಮತ್ತೆ ಒಂದು ತಿಂಗಳು ಬಿಟ್ಟು ಇನ್ನೊಂದು ಸಲ. ಕೆಂಪು ಮಣ್ಣು, ಮುರ ಮಣ್ಣಿನವರು ಎರಡನೇ ಸಲಕ್ಕೆ ಒಂದು ಮುಷ್ಟಿ ಸೌದೆಯ ಬೂದಿಯನ್ನು ದಂಟಿಗೆ ತಾಗದ ಹಾಗೆ ಸುತ್ತ ಉದುರಿಸಿ. ಟ್ರೈಕೋಡರ್ಮಾ ಹಾಕಿದವರು ಈ ಬೂದಿಯನ್ನು ಬಿಟ್ಟುಬಿಡಿ. ಗುದ್ದಲಿ ಆಳಕ್ಕೆ ಹಾಕಬೇಡಿ, ಬೇರು ಮೇಲೆಯೇ ಇದೆ. ಮಣ್ಣನ್ನು ಹೊರಗಿನಿಂದ ತಂದು ಹಾಕಿ, ಬುಡದ ಪಕ್ಕದಿಂದ ಎಳೆದು ಹಾಕಬೇಡಿ.

ಮಳೆಗಾಲದಲ್ಲಿ ವಾರಕ್ಕೊಂದು ಸಲ ಬುಡ ನೋಡಿ. ದಂಟು ಮಣ್ಣಿಗೆ ತಾಗುವ ಕಡೆ ಬಿಳಿ ನೂಲಿನಂಥದ್ದು, ಅದರ ನಡುವೆ ಸಾಸಿವೆಯಂಥ ಕಂದು ಕಾಳು ಕಂಡರೆ ಅದು ಬುಡ ಕೊಳೆ ರೋಗ. ಆ ಗಿಡವನ್ನು ಮಣ್ಣಿನ ಸಮೇತ ತೆಗೆದು ದೂರ ಹಾಕಿ, ಆ ಮಣ್ಣನ್ನು ಕಾಂಪೋಸ್ಟಿಗೆ ಸೇರಿಸಬೇಡಿ. ಆ ಕಾಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಪಕ್ಕದ ಗುಂಡಿಗೆ ನೀರು ನಿಲ್ಲದ ಹಾಗೆ ಕಾಲುವೆ ಮಾಡಿ.

ಎಂಟೊಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ದಂಟು ಮಲಗುತ್ತದೆ. ನೀರು ನಿಲ್ಲಿಸಿ, ಎರಡು ವಾರ ಬಿಟ್ಟು, ದಂಟಿನಿಂದ ಒಂದೂವರೆ ಅಡಿ ಆಚೆಯಿಂದ ಹಾರೆ ಹಾಕಿ. ಅದೇ ಗುಂಡಿಗೆ ಮರುವರ್ಷ ಮತ್ತೆ ಸುವರ್ಣಗಡ್ಡೆ ಬೇಡ, ಕೆಸುವೂ ಬೇಡ. ಅಲಸಂದೆಯನ್ನೋ ಹುರುಳಿಯನ್ನೋ ಬಿತ್ತಿ, ಹೂ ಬರುವ ಹೊತ್ತಿಗೆ ಅಲ್ಲೇ ಕಡಿದು ಮಣ್ಣಿಗೆ ಸೇರಿಸಿ. ಅಗೆದಾಗ ಗಡ್ಡೆಯ ಒಂದು ಮಗ್ಗುಲು ಚಪ್ಪಟೆಯಾಗಿ ಬಂದಿದ್ದರೆ ಆ ಕಡೆ ಗುಂಡಿಯ ಗೋಡೆ ತಾಗಿದೆ ಅಂತ ಅರ್ಥ, ಹೊಸ ಗುಂಡಿಯನ್ನು ಇನ್ನರ್ಧ ಅಡಿ ಅಗಲ ತೆಗೆಯಿರಿ.